ಒಂದು ಋತುವಿನ ನಿಯಮ

ಶ್ರಾವಕಧರ್ಮವನ್ನು ನಿರೂಪಿಸುವ ಗ್ರಂಥಗಳಲ್ಲಿ ಅಗ್ರಮಾನ್ಯವಾದ ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಆಚಾರ್ಯ ಸಮಂತಭದ್ರರು ಭೋಗೋಪಭೋಗ ಪರಿಮಾಣವ್ರತವನ್ನು ಹೇಳುವಾಗ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸಿದ್ದಾರೆ. ಜೀವವಿರುವವರೆಗೆ ಪಾಲಿಸತಕ್ಕದ್ದು ಯಮ. ಕಾಲದ ಮಿತಿಯನ್ನಿಟ್ಟುಕೊಂಡು ಪಾಲಿಸತಕ್ಕದ್ದು ನಿಯಮ. ಆ ಕಾಲಮಿತಿ ಎಷ್ಟೆಂಬುದನ್ನೂ ಅವರು ಬಿಡಿಸಿ ಹೇಳಿದ್ದಾರೆ. ಇಂದು ಎಂದು ಗೊತ್ತುಮಾಡಿಕೊಳ್ಳಬಹುದು. ಒಂದು ಹಗಲು, ಒಂದು ರಾತ್ರಿ, ಒಂದು ಪಕ್ಷ, ಒಂದು ಮಾಸ, ಒಂದು ಋತು, ಒಂದು ಅಯನ ಎಂದೂ ಗೊತ್ತುಮಾಡಿಕೊಳ್ಳಬಹುದು. ಯಾವ ವಸ್ತುಗಳ ವಿಷಯದಲ್ಲಿ ಎಂಬ ಪಟ್ಟಿಯೂ ಅಲ್ಲಿಯೇ ಉಂಟು. ಭೋಜನ, ವಾಹನ, ಶಯನ, ಸ್ನಾನ, ಉಡುಗೆ, ಒಡವೆ, ಸಂಗೀತ ಮುಂತಾಗಿ ನಿತ್ಯಜೀವನದ ಸಾಮಾನ್ಯ ಸಂಗತಿಗಳೇ ಆ ಪಟ್ಟಿಯಲ್ಲಿವೆ. ಮಹಾತ್ಯಾಗಗಳನ್ನು ಬೋಧಿಸಿದ ಆಚಾರ್ಯರು ಗೃಹಸ್ಥನ ಮುಂದೆ ಒಂದು ಹಗಲಿನ ನಿಯಮವನ್ನೂ ಇಟ್ಟರು ಎಂಬುದು ಗಮನಿಸತಕ್ಕ ಮಾತು. ಸಂಸಾರಿಯ ಶಕ್ತಿ ಎಷ್ಟೆಂಬುದು ಅವರಿಗೆ ತಿಳಿಯದ ಸಂಗತಿಯಲ್ಲ.

ಋತುವೆಂದರೆ ಎರಡು ತಿಂಗಳು. ಕರ್ನಾಟಕದ ಶಾಲೆಗಳಿಗೆ ಏಪ್ರಿಲ್ ತಿಂಗಳ ಎರಡನೆಯ ವಾರದ ಸುಮಾರಿಗೆ ಆರಂಭವಾಗಿ ಮೇ ತಿಂಗಳ ಕೊನೆಯವರೆಗೆ ನಡೆಯುವ ಬೇಸಗೆಯ ರಜೆಯೂ ಹೆಚ್ಚುಕಡಿಮೆ ಒಂದು ಋತುವಿನ ಅವಧಿಯದೇ. ಸಮಂತಭದ್ರರು ಹೇಳಿದ ಅಳತೆಗೆ ಇಷ್ಟು ಸರಿಯಾಗಿ ಹೊಂದುವ ಕಾಲಖಂಡ ಶ್ರಾವಕರ ಮಕ್ಕಳಿಗೆ ವರ್ಷದಲ್ಲಿ ಮತ್ತೊಂದಿಲ್ಲ. ಆದರೂ ಬಹುಮಂದಿಯ ಮನೆಗಳಲ್ಲಿ ಈ ಕಾಲವೇ ನಿಯಮವಿಲ್ಲದ ಕಾಲವಾಗಿ ಕಳೆದುಹೋಗುತ್ತದೆ.

ರಜೆಯಲ್ಲಿ ಸಡಿಲುವ ಕಟ್ಟು

ಶಾಲೆ ನಡೆಯುತ್ತಿರುವಾಗ ಮಗುವಿನ ದಿನಚರಿಗೆ ಹೊರಗಿನಿಂದ ಒಂದು ಕಟ್ಟು ಇರುತ್ತದೆ. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಹೊರಡಬೇಕು. ರಜೆ ಬಂದೊಡನೆ ಆ ಕಟ್ಟು ಕಳಚುತ್ತದೆ. ಒಳಗಿನ ಕಟ್ಟು ಇನ್ನೂ ಬೆಳೆದಿರುವುದಿಲ್ಲ. ಸೂರ್ಯ ನೆತ್ತಿಗೆ ಬರುವ ಹೊತ್ತಿಗೆ ಎದ್ದ ಹುಡುಗನಿಗೆ ಬೆಳಗಿನ ಉಪಾಹಾರ ಮಧ್ಯಾಹ್ನಕ್ಕೆ, ಮಧ್ಯಾಹ್ನದ ಊಟ ಸಂಜೆಗೆ, ಸಂಜೆಯ ಊಟ ನಡುರಾತ್ರಿಗೆ ಜಾರುತ್ತದೆ. ತಂದೆ ಅಂಗಡಿಗೋ ಕಚೇರಿಗೋ ಹೋಗಿರುತ್ತಾರೆ. ಅನೇಕ ಮನೆಗಳಲ್ಲಿ ತಾಯಿಯೂ ದುಡಿಯುತ್ತಾರೆ. ಮನೆಯಲ್ಲಿ ಉಳಿದ ಅಜ್ಜಿ ಸಾಮಾಯಿಕಕ್ಕೆ ಕುಳಿತರೆ ಪಕ್ಕದ ಕೋಣೆಯಲ್ಲಿ ಮೊಮ್ಮಗ ಮೊಬೈಲಿನೊಳಗೆ ಮುಳುಗಿರುತ್ತಾನೆ. ಇಬ್ಬರ ನಡುವೆ ಇರುವುದು ಒಂದು ಗೋಡೆ ಮಾತ್ರ. ಆದರೆ ದಿನವಿಡೀ ಒಂದು ಮಾತೂ ಆ ಗೋಡೆಯನ್ನು ದಾಟುವುದಿಲ್ಲ.

ಇದರಲ್ಲಿ ಮಗುವನ್ನು ನಿಂದಿಸುವುದು ಸುಲಭ. ಆದರೆ ಅದು ನ್ಯಾಯವಲ್ಲ. ವಿಚಾರಿಸಬೇಕಾದ ಸಂಗತಿ ಇನ್ನೂ ಆಳದಲ್ಲಿದೆ. ಹನ್ನೆರಡರಿಂದ ಹದಿನೇಳರ ನಡುವಿನ ವಯಸ್ಸಿನಲ್ಲಿ ಪ್ರತಿಯೊಂದು ಮಗುವೂ ಯಾರಿಗೂ ಹೇಳದೆ ಒಂದು ತೀರ್ಮಾನಕ್ಕೆ ಬರುತ್ತದೆ. ಮನೆಯವರು ಪಾಲಿಸುವ ಧರ್ಮ ತನ್ನದೂ ಹೌದೋ, ಅಥವಾ ಅವರೊಡನೆ ಇರುವಷ್ಟು ಕಾಲ ಸಹಿಸಿಕೊಳ್ಳಬೇಕಾದ ಕಟ್ಟಳೆಯೋ ಎಂಬುದೇ ಆ ತೀರ್ಮಾನ. ಹತ್ತನೆಯ ತರಗತಿಯನ್ನೋ ಪದವಿಪೂರ್ವ ತರಗತಿಯನ್ನೋ ಮುಗಿಸಿದ ಮಗ ಅಥವಾ ಮಗಳು ದೂರದ ಊರಿನ ವಿದ್ಯಾರ್ಥಿನಿಲಯಕ್ಕೆ ಹೊರಟುನಿಂತಾಗ ಆ ತೀರ್ಮಾನ ಹೊರಗೆ ಕಾಣಿಸಿಕೊಳ್ಳುತ್ತದೆ. ಸೂರ್ಯಾಸ್ತದ ಮೊದಲು ಉಣ್ಣುವಂತೆ ಅಲ್ಲಿ ಯಾರೂ ಕರೆಯುವುದಿಲ್ಲ. ತಟ್ಟೆಯಲ್ಲಿ ಏನಿದೆಯೆಂದು ಯಾರೂ ನೋಡುವುದಿಲ್ಲ. ಹದಿನಾರು ವರ್ಷ ‘ಬೇಡ’ ಎಂಬ ಒಂದೇ ಪದವಾಗಿ ಕೇಳಿಸಿದ ಧರ್ಮ ಹದಿನಾರು ದಿನಗಳಲ್ಲಿ ಬಿಟ್ಟುಹೋದರೆ ಆಶ್ಚರ್ಯಪಡಬೇಕಾದುದಿಲ್ಲ. ತಾನೇ ಆರಿಸಿ, ತಾನೇ ಪಾಲಿಸಿ, ತಾನೇ ಮುಗಿಸಿದ ಒಂದು ನಿಯಮದ ಅನುಭವ ಇರುವವನಿಗೆ ಮಾತ್ರ ಒಂಟಿಯಾಗಿ ಇರುವಾಗಲೂ ವ್ರತವು ಜೊತೆಗಿರುತ್ತದೆ. ಅಂತಹ ಅನುಭವಕ್ಕೆ ಅವಕಾಶ ಕೊಡುವ ಋತುಗಳು ಒಂದು ಬಾಲ್ಯದಲ್ಲಿ ಎಂಟೋ ಹತ್ತೋ ಇರಬಹುದು. ಕಳೆದುಹೋದ ಋತುವನ್ನು ಯಾವ ತಂದೆತಾಯಿಯೂ ಮರಳಿ ತರಲಾರರು.

ಅಕ್ಷಯ ತದಿಗೆಯ ಪಾಠ

ಬೇಸಗೆಯ ನಡುವೆ ಬರುವ ವೈಶಾಖ ಶುಕ್ಲ ತೃತೀಯೆ ಜೈನರಿಗೆ ದಾನತೀರ್ಥದ ಪ್ರವರ್ತನೆಯಾದ ದಿನ. ಭಗವಾನ್ ವೃಷಭದೇವನು ದೀಕ್ಷೆವಹಿಸಿ ಆರು ತಿಂಗಳು ಯೋಗದಲ್ಲಿ ನಿಂತು, ಬಳಿಕ ಆಹಾರಕ್ಕಾಗಿ ಊರಿಂದೂರಿಗೆ ನಡೆದನು. ಮುನಿಗೆ ಆಹಾರವನ್ನು ಹೇಗೆ ಕೊಡಬೇಕೆಂಬುದು ಆಗ ಯಾರಿಗೂ ತಿಳಿದಿರಲಿಲ್ಲ. ಸ್ವಾಮಿಯ ಮೇಲೆ ಜನರಿಗೆ ಪ್ರೀತಿ ಇಲ್ಲವೆಂದಲ್ಲ. ಕೆಲವರು ರತ್ನಗಳನ್ನು ತಂದರು. ಕೆಲವರು ಆನೆ ಕುದುರೆಗಳನ್ನು ತಂದರು. ಕೆಲವರು ವಸ್ತ್ರಾಭರಣಗಳನ್ನು ತಂದು ಮುಂದಿಟ್ಟರು. ಅಷ್ಟೆಲ್ಲ ಕೊಟ್ಟರೂ ಬೇಕಾದುದನ್ನು ಮಾತ್ರ ಯಾರೂ ಕೊಡಲಿಲ್ಲ. ಹೀಗೆ ಒಂದು ವರ್ಷಕ್ಕೂ ಮೀರಿ ನಿರಾಹಾರನಾಗಿದ್ದ ಸ್ವಾಮಿ ಹಸ್ತಿನಾಪುರಕ್ಕೆ ಬಂದಾಗ ರಾಜಕುಮಾರ ಶ್ರೇಯಾಂಸನಿಗೆ ಪೂರ್ವಜನ್ಮದಲ್ಲಿ ಮುನಿಗಳಿಗೆ ಆಹಾರವಿತ್ತ ಸ್ಮರಣೆ ಉಂಟಾಗಿ, ಅವನು ವಿಧಿಪೂರ್ವಕವಾಗಿ ಕಬ್ಬಿನ ರಸವನ್ನು ಅರ್ಪಿಸಿದನು. ಜಿನಸೇನಾಚಾರ್ಯರು ಸಂಸ್ಕೃತದಲ್ಲಿಯೂ, ಕ್ರಿ.ಶ. ೯೪೧ರಲ್ಲಿ ಪಂಪ ಮಹಾಕವಿ ಕನ್ನಡದಲ್ಲಿಯೂ ‘ಆದಿಪುರಾಣ’ವೆಂಬ ಹೆಸರಿನಿಂದಲೇ ಆದಿತೀರ್ಥಂಕರನ ಈ ಚರಿತೆಯನ್ನು ನಿರೂಪಿಸಿದ್ದಾರೆ.

ಈ ಕಥೆಯನ್ನು ಮಕ್ಕಳಿಗೆ ಹೇಳುವ ತಂದೆತಾಯಿಗಳು ಅದನ್ನು ತಮಗೂ ಹೇಳಿಕೊಳ್ಳಬೇಕು. ರಜೆ ಬಂದಿತೆಂದು ಮಕ್ಕಳ ಮುಂದೆ ಇಂದಿನ ಮನೆಗಳು ತಂದಿಡುವ ವಸ್ತುಗಳಿಗೆ ಲೆಕ್ಕವಿಲ್ಲ. ಹೊಸ ಉಡುಪು, ಹೊಸ ಮೊಬೈಲು, ಗಿರಿಧಾಮದ ಪ್ರವಾಸ, ಈಜಿನ ತರಗತಿ, ಚಿತ್ರಕಲೆಯ ಶಿಬಿರ ಎಂದು ರತ್ನಗಳೂ ಆನೆ ಕುದುರೆಗಳೂ ಬರುತ್ತಲೇ ಇರುತ್ತವೆ. ಮಗು ನಿಜವಾಗಿ ಹಸಿದಿರುವುದು ತಂದೆಯೊಡನೆ ಅರ್ಧಗಂಟೆ ಕುಳಿತು ಮಾತನಾಡುವುದಕ್ಕಾಗಿ ಇರಬಹುದು. ತನಗೊಂದು ಕೆಲಸ ಒಪ್ಪಿಸಿ ಅದನ್ನು ನಂಬುವ ತಾಯಿಗಾಗಿ ಇರಬಹುದು. ಶ್ರೇಯಾಂಸನು ಕೊಟ್ಟದ್ದು ಬೆಲೆಯಲ್ಲಿ ಅತ್ಯಲ್ಪ; ಸಮಯದಲ್ಲಿಯೂ ವಿಧಿಯಲ್ಲಿಯೂ ಮಾತ್ರ ಸರಿಯಾದುದು. ರಜೆಯ ಯೋಜನೆಯನ್ನು ಮಾಡುವವರಿಗೆ ಇದಕ್ಕಿಂತ ದೊಡ್ಡ ಸೂತ್ರ ಬೇಕಾಗಿಲ್ಲ.

ಈ ಪರ್ವದಿಂದ ಜ್ಯೇಷ್ಠ ಶುಕ್ಲ ಪಂಚಮಿಯ ಶ್ರುತಪಂಚಮಿಯವರೆಗೆ, ಅಧಿಕಮಾಸ ನಡುವೆ ಬಾರದ ವರ್ಷಗಳಲ್ಲಿ, ಒಂದು ತಿಂಗಳು ಎರಡು ದಿನಗಳ ಅಂತರವಿರುತ್ತದೆ. ಒಂದು ತುದಿಯಲ್ಲಿ ದಾನದ ಹಬ್ಬ, ಮತ್ತೊಂದು ತುದಿಯಲ್ಲಿ ಜ್ಞಾನದ ಹಬ್ಬ. ಮಕ್ಕಳ ನಿಯಮಕ್ಕೆ ಈ ಎರಡು ಪರ್ವಗಳನ್ನೇ ಗಡಿಯಾಗಿ ಇಟ್ಟುಕೊಂಡರೆ ಆರಂಭಕ್ಕೂ ಸಮಾಪ್ತಿಗೂ ಒಂದು ಪವಿತ್ರತೆ ಬರುತ್ತದೆ. ರಜೆ ಮುಗಿದು ಶಾಲೆ ತೆರೆದ ಮೇಲೆ ಪಂಚಮಿ ಬಂದರೂ ಅಡ್ಡಿಯಿಲ್ಲ. ನಿಯಮವು ಶಾಲೆಯ ದಿನಗಳೊಳಕ್ಕೆ ನಾಲ್ಕು ಹೆಜ್ಜೆ ಇಟ್ಟಂತಾಗುತ್ತದೆ.

ನಿಯಮವನ್ನು ಆರಿಸುವ ಬಗೆ

ಎಂಟು ವರ್ಷ ತುಂಬಿದ ಮೇಲೆ ವ್ರತವನ್ನು ಗ್ರಹಿಸುವ ಯೋಗ್ಯತೆ ಉಂಟಾಗುತ್ತದೆಂಬುದು ಪರಂಪರೆಯ ಮಾತು. ಅದಕ್ಕಿಂತ ಚಿಕ್ಕ ಮಕ್ಕಳಿಗೆ ಅನುಕರಣೆಯೇ ಸಾಕು. ಅವರು ಹಿರಿಯರನ್ನು ನೋಡಿ ಕೈಮುಗಿಯಲಿ, ಣಮೋಕಾರ ಮಂತ್ರವನ್ನು ಹೇಳಲಿ. ಎಂಟು ವರ್ಷ ಮೀರಿದವರಿಗೆ ಒಂದು ನಿಯಮ, ಹದಿಮೂರು ಮೀರಿದವರಿಗೆ ಹೆಚ್ಚೆಂದರೆ ಎರಡು. ನಿಯಮವನ್ನು ಮಗುವೇ ಆರಿಸತಕ್ಕದ್ದು. ಹಿರಿಯರು ಹತ್ತು ನಿಯಮಗಳನ್ನು ಮುಂದಿಟ್ಟು ಅರ್ಥವನ್ನು ತಿಳಿಸಿ ಸುಮ್ಮನಿರತಕ್ಕದ್ದು. ಪ್ರತಿದಿನ ಜಿನಮಂದಿರಕ್ಕೆ ಹೋಗಿ ದರ್ಶನ ಮಾಡಿದ ಮೇಲೆ ಉಪಾಹಾರ, ರಾತ್ರಿಭೋಜನ ತ್ಯಾಗ, ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡದಿರುವುದು, ವಾರಕ್ಕೊಂದು ದಿನ ಸಿಹಿ ಪದಾರ್ಥದ ತ್ಯಾಗ, ದಿನಕ್ಕೊಂದು ಗಂಟೆ ಮೌನ, ಒಡಹುಟ್ಟಿದವರನ್ನು ಬಯ್ಯದಿರುವುದು, ಅಂಗಡಿಯ ತಿಂಡಿಯನ್ನು ಕೊಳ್ಳದಿರುವುದು. ಇವುಗಳಲ್ಲಿ ಯಾವುದನ್ನು ಆರಿಸಿದರೂ ಸರಿ. ಆರಿಸಿದುದನ್ನು ದೇವರ ಮುಂದೆ, ಸಾಧ್ಯವಿದ್ದರೆ ಮುನಿಗಳ ಅಥವಾ ಆರ್ಯಿಕೆಯರ ಸನ್ನಿಧಿಯಲ್ಲಿ, ಕಾಲಮಿತಿಯೊಡನೆ ಹೇಳಿ ಸ್ವೀಕರಿಸಬೇಕು.

ನಿಯಮ ಚಿಕ್ಕದೆಂದು ಸಂಕೋಚಪಡಬೇಕಾಗಿಲ್ಲ. ಪುರಾಣದಲ್ಲಿ ಖದಿರಸಾರನೆಂಬ ಬೇಡನ ಕಥೆ ಪ್ರಸಿದ್ಧವಾಗಿದೆ. ಮಾಂಸವನ್ನು ಸಂಪೂರ್ಣವಾಗಿ ಬಿಡಲು ಅವನಿಂದ ಆಗಲಿಲ್ಲ. ಸಮಾಧಿಗುಪ್ತ ಮುನಿಗಳು ಅವನನ್ನು ತಿರಸ್ಕರಿಸದೆ, ಕಾಗೆಯ ಮಾಂಸವೊಂದನ್ನಾದರೂ ಬಿಡುವೆಯಾ ಎಂದು ಕೇಳಿ ಆ ಒಂದು ವ್ರತವನ್ನು ಕೊಟ್ಟರು. ಮುಂದೆ ಅವನಿಗೆ ರೋಗ ಬಂದು, ಕಾಗೆಯ ಮಾಂಸವೇ ಔಷಧವೆಂದು ವೈದ್ಯನು ಹೇಳಿದಾಗ, ಪ್ರಾಣ ಹೋದರೂ ವ್ರತವನ್ನು ಬಿಡೆನೆಂದು ನಿಂತನು. ಆ ಜೀವವೇ ಕಾಲಾಂತರದಲ್ಲಿ ಭಗವಾನ್ ಮಹಾವೀರನ ಸಮವಸರಣದಲ್ಲಿ ಪ್ರಶ್ನೆಗಳನ್ನು ಕೇಳಿದ ಶ್ರೇಣಿಕ ಮಹಾರಾಜನಾಯಿತು. ಮುನಿಗಳು ಅಂದು ದೊಡ್ಡ ವ್ರತವನ್ನೇ ಹಿಡಿದು ಹಟಮಾಡಿದ್ದರೆ ಬೇಡನು ಬರಿಗೈಯಲ್ಲಿ ಕಾಡಿಗೆ ಮರಳುತ್ತಿದ್ದನು. ಅವನ ಶಕ್ತಿಯನ್ನು ನೋಡಿ ಕೊಟ್ಟದ್ದರಿಂದಲೇ ಅದು ಉಳಿಯಿತು.

ಮಕ್ಕಳು ನಿಯಮವನ್ನು ತೆಗೆದುಕೊಂಡ ಮನೆಯಲ್ಲಿ ಹಿರಿಯರೂ ಒಂದೊಂದನ್ನು ತೆಗೆದುಕೊಳ್ಳತಕ್ಕದ್ದು ಅತ್ಯಗತ್ಯ. ತಾನು ರಾತ್ರಿ ಹತ್ತು ಗಂಟೆಗೆ ಉಣ್ಣುವ ತಂದೆ ಮಗನಿಗೆ ರಾತ್ರಿಭೋಜನ ತ್ಯಾಗವನ್ನು ಬೋಧಿಸಿದರೆ ಮಗನು ಕಲಿಯುವುದು ತ್ಯಾಗವನ್ನಲ್ಲ, ಬೋಧಿಸುವುದನ್ನು ಮಾತ್ರ.

ಉಪವಾಸದ ವಿಷಯದಲ್ಲಿ ಎಚ್ಚರಿಕೆ

ತಪಸ್ಸನ್ನೂ ತ್ಯಾಗವನ್ನೂ ಶಕ್ತಿಗೆ ತಕ್ಕಂತೆ ಮಾಡಬೇಕೆಂಬುದು ಷೋಡಶಕಾರಣ ಭಾವನೆಗಳಲ್ಲಿಯೇ ಸೇರಿರುವ ಆಜ್ಞೆ. ಸಮಂತಭದ್ರರ ನಿರೂಪಣೆಯಂತೆ ನಾಲ್ಕು ವಿಧದ ಆಹಾರವನ್ನೂ ಬಿಡುವುದು ಉಪವಾಸ. ದಿನಕ್ಕೊಮ್ಮೆ ಉಣ್ಣುವುದು ಪ್ರೋಷಧ. ಅಷ್ಟಮಿ ಚತುರ್ದಶಿಗಳಲ್ಲಿ ಹಿರಿಯರು ಇದನ್ನು ಆಚರಿಸುವುದನ್ನು ಕಂಡ ಮಕ್ಕಳು ತಾವೂ ಮಾಡುತ್ತೇವೆಂದು ಮುಂದೆ ಬರುವುದುಂಟು. ಆ ಉತ್ಸಾಹ ಆದರಣೀಯ. ಆದರೆ ಬೇಸಗೆಯ ಬಿಸಿಲಿನಲ್ಲಿ ಬೆಳೆಯುವ ದೇಹಕ್ಕೆ ನೀರು ಸಹ ಇಲ್ಲದ ಉಪವಾಸ ಸಲ್ಲದು. ಬೆವರಿನಿಂದ ಹೋದ ನೀರು ಮರಳಿ ಬಾರದಿದ್ದರೆ ತಲೆಸುತ್ತು, ಬಳಲಿಕೆ, ಮೂರ್ಛೆ ಬರುತ್ತವೆ. ಮಕ್ಕಳಿಗೆ ಅಷ್ಟಮಿಯಂದು ಒಂದು ರಸದ ತ್ಯಾಗ, ಅಂದರೆ ತುಪ್ಪ, ಸಕ್ಕರೆ, ಹಾಲು ಇವುಗಳಲ್ಲೊಂದನ್ನು ಆ ದಿನಕ್ಕೆ ಬಿಡುವುದು ಸಾಕು. ಸ್ವಲ್ಪ ದೊಡ್ಡವರು ತಾಯಿತಂದೆಯರ ಒಪ್ಪಿಗೆಯಿಂದ, ನೀರನ್ನು ಬಿಡದೆ, ಊಟಗಳ ನಡುವಿನ ತಿಂಡಿಯನ್ನು ಬಿಡಬಹುದು. ಮಧುಮೇಹವೇ ಮೊದಲಾದ ರೋಗವಿರುವ ಮಕ್ಕಳ ವಿಷಯದಲ್ಲಿ ವೈದ್ಯರ ಮಾತೇ ಪ್ರಮಾಣ.

ಇನ್ನೊಂದು ಸಂಗತಿಯನ್ನು ತಾಯಂದಿರು ಗಮನಿಸಬೇಕು. ಹದಿಹರೆಯದ ಹೆಣ್ಣುಮಕ್ಕಳು, ಕೆಲವೊಮ್ಮೆ ಗಂಡುಮಕ್ಕಳೂ, ದೇಹವನ್ನು ತೆಳ್ಳಗೆ ಮಾಡಿಕೊಳ್ಳುವ ಬಯಕೆಯಿಂದ ಊಟ ಬಿಟ್ಟು ಅದಕ್ಕೆ ವ್ರತದ ಹೆಸರಿಡುವುದುಂಟು. ಉಪವಾಸವೆಂದರೆ ಆತ್ಮನ ಸಮೀಪದಲ್ಲಿ ವಾಸಿಸುವುದು. ಕನ್ನಡಿಯ ಸಮೀಪದಲ್ಲಿ ವಾಸಿಸುವುದಲ್ಲ. ದೇಹದ ಮೇಲಿನ ದ್ವೇಷದಿಂದ ಬಿಟ್ಟ ಅನ್ನವೂ ಒಂದು ಬಗೆಯ ಕಷಾಯವೇ. ಮಗಳು ಪರ್ವವಿಲ್ಲದ ದಿನಗಳಲ್ಲಿಯೂ ಪದೇ ಪದೇ ಹಸಿವಿಲ್ಲವೆನ್ನುತ್ತಿದ್ದರೆ ಅದನ್ನು ಧರ್ಮಶ್ರದ್ಧೆಯೆಂದು ಹೊಗಳಿ ಸುಮ್ಮನಾಗದೆ, ಪ್ರೀತಿಯಿಂದ ವಿಚಾರಿಸಿ ವೈದ್ಯರಲ್ಲಿಗೆ ಕರೆದೊಯ್ಯಬೇಕು.

ಅಡುಗೆಮನೆಯೇ ಪಾಠಶಾಲೆ

ಬೇಸಗೆಗೆ ಒಂದು ಅನುಕೂಲವುಂಟು. ಹಗಲು ದೀರ್ಘವಾಗಿ, ಮೇ ತಿಂಗಳಲ್ಲಿ ಕರ್ನಾಟಕದ ಊರುಗಳಲ್ಲಿ ಸೂರ್ಯ ಮುಳುಗುವಾಗ ಸಂಜೆ ಆರೂವರೆ ಗಂಟೆ ಮೀರಿರುತ್ತದೆ. ಚಳಿಗಾಲದಲ್ಲಿ ಆಗದ ದಿವಾಭೋಜನ ಈ ಕಾಲದಲ್ಲಿ ದುಡಿಯುವವರ ಮನೆಗೂ ಅಸಾಧ್ಯವಲ್ಲ. ಬೇರೆಲ್ಲ ದಿನ ಆಗದಿದ್ದರೆ ವಾರದಲ್ಲಿ ಮೂರು ದಿನವಾದರೂ ಮನೆಮಂದಿಯೆಲ್ಲ ಸೂರ್ಯನಿರುವಾಗ ಒಂದೇ ಪಂಕ್ತಿಯಲ್ಲಿ ಕುಳಿತು ಉಂಡರೆ, ವ್ರತದೊಡನೆ ಮತ್ತೊಂದು ಲಾಭವೂ ಇದೆ. ಊಟವಾದ ಮೇಲೆ ಮಲಗುವವರೆಗೆ ಮೂರು ಗಂಟೆಗಳ ಕಾಲ ಮನೆಗೆ ಉಳಿಯುತ್ತದೆ. ಕಥೆಗೂ ಮಾತಿಗೂ ಸ್ವಾಧ್ಯಾಯಕ್ಕೂ ಎಡೆಯಾಗುವುದು ಆ ಹೊತ್ತಿನಲ್ಲಿ.

ನೀರನ್ನು ದಪ್ಪ ಬಟ್ಟೆಯನ್ನು ಎರಡು ಮಡಿಕೆಮಾಡಿ ಸೋಸುವ ಕೆಲಸವನ್ನು ಮಕ್ಕಳಿಗೆ ಒಪ್ಪಿಸಬಹುದು. ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಅಂದರೆ ೪೮ ನಿಮಿಷ. ಚೆನ್ನಾಗಿ ಕಾಯಿಸಿದ ನೀರಿನದು ೨೪ ಗಂಟೆ. ಹಿಟ್ಟಿನ ಮರ್ಯಾದೆ ಚಳಿಗಾಲದಲ್ಲಿ ೭ ದಿನ, ಬೇಸಗೆಯಲ್ಲಿ ೫ ದಿನ, ಮಳೆಗಾಲದಲ್ಲಿ ೩ ದಿನ. ಹಿಟ್ಟು ಬೀಸಿದ ದಿನವನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಅಂಟಿಸುವ ಹೊಣೆಯನ್ನು ಹತ್ತು ವರ್ಷದ ಹುಡುಗ ಸಂತೋಷದಿಂದ ಹೊರುತ್ತಾನೆ. ಋತುವಿಗೊಂದು ಅಳತೆ ಏಕೆಂದು ಅವನು ಕೇಳಿದರೆ, ತೇವವಿದ್ದಲ್ಲಿ ಸೂಕ್ಷ್ಮಜೀವಿಗಳು ಬೇಗ ಹುಟ್ಟುತ್ತವೆಂಬುದನ್ನು ಅವನ ವಿಜ್ಞಾನದ ಪುಸ್ತಕದಿಂದಲೇ ತೋರಿಸಿಕೊಡಬಹುದು. ಅಕ್ಕಿಯನ್ನು ಮೊರದಲ್ಲಿ ಹರಡಿ ಹುಳುವನ್ನು ಕೊಲ್ಲದೆ ಎತ್ತಿ ನೆರಳಿನಲ್ಲಿ ಬಿಡುವ ಬೆರಳು ಅಹಿಂಸಾಣುವ್ರತವನ್ನು ಪುಸ್ತಕವಿಲ್ಲದೆ ಕಲಿಯುತ್ತದೆ. ಈ ಕೆಲಸಗಳಲ್ಲಿ ಗಂಡುಮಕ್ಕಳು ಹೆಣ್ಣುಮಕ್ಕಳೆಂಬ ಭೇದ ಬೇಡ. ನಾಳೆ ವಿದ್ಯಾರ್ಥಿನಿಲಯದಲ್ಲಿಯೋ ಪರಊರಿನ ಬಾಡಿಗೆಯ ಕೋಣೆಯಲ್ಲಿಯೋ ಶುದ್ಧಾಹಾರವನ್ನು ತಾನೇ ಮಾಡಿಕೊಳ್ಳಬೇಕಾದ ಮಗನಿಗೆ ಅನ್ನ ಸಾರು ಮಾಡಲು ಕಲಿಸಿ ಕಳುಹಿಸುವುದು ಆಹಾರದಾನಕ್ಕೂ ಮಿಗಿಲಾದ ಉಪಕಾರ.

ನೇರಳೆಯ ಮರದ ಕೆಳಗೆ

ರಜೆಯ ಮಕ್ಕಳು ಮನೆಯೊಳಗೇ ಇರಲಾರರು, ಇರಲೂಬಾರದು. ಮೇ ಜೂನ್ ತಿಂಗಳುಗಳಲ್ಲಿ ನೇರಳೆ ಹಣ್ಣಾಗುತ್ತದೆ. ಆ ಮರದ ಕೆಳಗೆ ಮಕ್ಕಳನ್ನು ಕೂರಿಸಿ ಷಡ್ಲೇಶ್ಯೆಗಳ ದೃಷ್ಟಾಂತವನ್ನು ಹೇಳುವುದಕ್ಕಿಂತ ಸುಲಭವಾದ ಧರ್ಮಪಾಠವಿಲ್ಲ. ಹಸಿದ ಆರು ಮಂದಿ ದಾರಿಗರು ಹಣ್ಣು ತುಂಬಿದ ಮರವನ್ನು ಕಂಡರು. ಬುಡಸಹಿತ ಕಿತ್ತುಬಿಡೋಣವೆಂದು ಬಗೆದವನದು ಕೃಷ್ಣಲೇಶ್ಯೆ. ಕಾಂಡವನ್ನು ಕಡಿಯೋಣವೆಂದವನದು ನೀಲ. ದೊಡ್ಡ ಕೊಂಬೆಯನ್ನು ಎಂದವನದು ಕಾಪೋತ. ಚಿಕ್ಕ ರೆಂಬೆ ಸಾಕೆಂದವನದು ಪೀತ. ಹಣ್ಣನ್ನಷ್ಟೇ ಬಿಡಿಸಿಕೊಳ್ಳೋಣವೆಂದವನದು ಪದ್ಮ. ನೆಲಕ್ಕೆ ಉದುರಿದುದನ್ನೇ ಆಯ್ದು ತಿನ್ನೋಣವೆಂದವನದು ಶುಕ್ಲ. ನೇಮಿಚಂದ್ರ ಸಿದ್ಧಾಂತಚಕ್ರವರ್ತಿಗಳ ‘ಗೊಮ್ಮಟಸಾರ’ದಲ್ಲಿ ಬರುವ ಈ ದೃಷ್ಟಾಂತದಲ್ಲಿ ಆರು ಮಂದಿಯ ಹಸಿವೂ ಒಂದೇ, ಹಣ್ಣೂ ಒಂದೇ, ಭೇದವಿರುವುದು ಭಾವದಲ್ಲಿ. ಕಥೆ ಮುಗಿದ ಮೇಲೆ ಮಕ್ಕಳು ಯಾವ ಹಣ್ಣನ್ನು ಆಯ್ದುಕೊಳ್ಳುತ್ತಾರೆಂಬುದನ್ನು ನೋಡಿದರೆ ಪಾಠ ಎಷ್ಟು ಮುಟ್ಟಿತೆಂಬುದು ತಿಳಿಯುತ್ತದೆ.

ಅನರ್ಥದಂಡಗಳಲ್ಲಿ ಐದನೆಯದಾದ ಪ್ರಮಾದಚರ್ಯೆಯನ್ನು ವಿವರಿಸುವಾಗ ಸಮಂತಭದ್ರರು ಪ್ರಯೋಜನವಿಲ್ಲದೆ ನೆಲವನ್ನು ಅಗೆಯುವುದು, ನೀರನ್ನು ಚೆಲ್ಲುವುದು, ಬೆಂಕಿಯನ್ನು ಹೊತ್ತಿಸುವುದು, ಗಿಡಮರಗಳನ್ನು ಕತ್ತರಿಸುವುದು, ಸುಮ್ಮನೆ ಅಲೆಯುವುದು, ಇತರರನ್ನು ಅಲೆಯಿಸುವುದು ಎಂದು ಹೆಸರಿಸಿದ್ದಾರೆ. ಬಾವಿಗಳು ಬತ್ತಿ, ಕೊಳಾಯಿಗೆ ನೀರು ದಿನಬಿಟ್ಟು ದಿನ ಬರುವ ಊರುಗಳಲ್ಲಿ ಈ ಮಾತಿಗೆ ಇಂದು ವ್ಯಾಖ್ಯಾನ ಬೇಕಾಗಿಲ್ಲ. ಸ್ನಾನಕ್ಕೆ ಒಂದು ಬಕೀಟು ನೀರೆಂಬ ನಿಯಮವನ್ನು ಮಕ್ಕಳು ಹಿಡಿಯಬಹುದು. ಅಂಗಳದಲ್ಲಿ ಅಥವಾ ಮಾಡಿನ ಮೇಲೆ ಹಕ್ಕಿಗಳಿಗಾಗಿ ಮಣ್ಣಿನ ಬಟ್ಟಲಿನಲ್ಲಿ ನೀರಿಟ್ಟು, ನಿತ್ಯವೂ ತೊಳೆದು ಹೊಸ ನೀರು ತುಂಬುವುದು ಅಭಯದಾನದ ಮೊದಲ ಅಕ್ಷರ.

ಐದು ಅನರ್ಥದಂಡಗಳಲ್ಲಿ ದುಃಶ್ರುತಿ, ಅಪಧ್ಯಾನ ಎಂಬ ಇನ್ನೆರಡು ಇವೆ. ಮನಸ್ಸನ್ನು ಕಲಕುವ ಕಥೆಗಳನ್ನು ಕೇಳುವುದು ಮೊದಲನೆಯದು. ಪರರ ಸೋಲನ್ನೂ ಕೇಡನ್ನೂ ಚಿಂತಿಸುವುದು ಎರಡನೆಯದು. ಮೊಬೈಲೆಂಬ ಯಂತ್ರವನ್ನು ನಿಂದಿಸಬೇಕಾಗಿಲ್ಲ; ಅದರಲ್ಲಿ ಪ್ರವಚನವನ್ನೂ ಕೇಳಬಹುದು. ಆದರೆ ಅದರ ಮೂಲಕ ಈ ಎರಡು ದಂಡಗಳೂ ದಿನಕ್ಕೆ ನೂರು ಬಾರಿ ಒಳಗೆ ಬರುತ್ತವೆಂಬುದು ಸತ್ಯ. ಸೂರ್ಯಾಸ್ತದಿಂದ ಮರುದಿನದ ದೇವದರ್ಶನದವರೆಗೆ ಮನೆಯ ಎಲ್ಲ ಮೊಬೈಲುಗಳನ್ನೂ, ತಂದೆಯದನ್ನೂ ಸೇರಿಸಿ, ಒಂದು ಪೆಟ್ಟಿಗೆಯಲ್ಲಿಡುವುದು ಒಂದು ಋತುವಿನ ಮಟ್ಟಿಗೆ ಪಾಲಿಸಬಹುದಾದ ನಿಯಮ. ತುರ್ತು ಕರೆಗೆಂದು ಒಂದನ್ನು ಹೊರಗಿಟ್ಟರೆ ಸಾಕು.

ಕ್ಷೇತ್ರದರ್ಶನ

ರಜೆಯಲ್ಲಿ ತೀರ್ಥಯಾತ್ರೆ ಮಾಡುವ ಕುಟುಂಬಗಳು ಅನೇಕ. ಎರಡು ದಿನಗಳಲ್ಲಿ ಏಳು ಕ್ಷೇತ್ರಗಳನ್ನು ಮುಟ್ಟಿ ಬರುವ ಯಾತ್ರೆಯಲ್ಲಿ ಮಕ್ಕಳ ನೆನಪಿನಲ್ಲಿ ಉಳಿಯುವುದು ವಾಹನದ ಕಿಟಕಿ ಮಾತ್ರ. ದೇಶಾವಕಾಶಿಕ ವ್ರತದ ತಾತ್ಪರ್ಯವೇ ತಿರುಗಾಟದ ಎಲ್ಲೆಯನ್ನು ಕಿರಿದುಮಾಡಿಕೊಳ್ಳುವುದು. ಯಾತ್ರೆಗೂ ಅದನ್ನು ಅನ್ವಯಿಸಬಹುದು. ಒಂದು ರಜೆಗೆ ಒಂದು ಕ್ಷೇತ್ರ, ಅಲ್ಲಿ ಎರಡು ರಾತ್ರಿ ವಾಸ.

ಶ್ರವಣಬೆಳಗೊಳವನ್ನೇ ತೆಗೆದುಕೊಂಡರೆ, ವಿಂಧ್ಯಗಿರಿಯ ಆರುನೂರಕ್ಕೂ ಮಿಕ್ಕ ಮೆಟ್ಟಿಲುಗಳನ್ನು ಬರಿಗಾಲಿನಲ್ಲಿ ಏರಬೇಕಾದುದರಿಂದ, ಬಂಡೆ ಕಾಯುವ ಮೊದಲು, ಬೆಳಗಿನ ತಂಪಿನಲ್ಲಿಯೇ ಹೊರಡಬೇಕು. ಕ್ರಿ.ಶ. ೯೮೧ರಲ್ಲಿ ಗಂಗರ ಮಂತ್ರಿ ಚಾವುಂಡರಾಯನು ಪ್ರತಿಷ್ಠಾಪಿಸಿದನೆಂದು ಹೇಳುವ, ಸುಮಾರು ೫೮ ಅಡಿ ಎತ್ತರದ ಬಾಹುಬಲಿಯ ಮುಂದೆ ನಿಂತ ಮಕ್ಕಳಿಗೆ ಅಣ್ಣತಮ್ಮಂದಿರ ಕಥೆಯನ್ನು ಹೇಳಬೇಕು. ಗೆದ್ದ ಕ್ಷಣದಲ್ಲಿಯೇ ಗೆಲವನ್ನು ಬಿಟ್ಟವನ ಕಥೆ ರಜೆಯಲ್ಲಿ ದಿನಕ್ಕೆ ನಾಲ್ಕು ಬಾರಿ ಜಗಳವಾಡುವ ಒಡಹುಟ್ಟುಗಳಿಗೆ ಬೇಗ ಅರ್ಥವಾಗುತ್ತದೆ. ಅಲ್ಲಿಯೇ ಎದುರಿಗಿರುವ ಗುಳ್ಳಕಾಯಜ್ಜಿಯ ಮೂರ್ತಿಯನ್ನೂ ತೋರಿಸಬೇಕು. ಚಾವುಂಡರಾಯನು ಕೊಡಗಟ್ಟಲೆ ಹಾಲು ಸುರಿದರೂ ಮೂರ್ತಿಯ ಪಾದಕ್ಕೆ ಇಳಿಯದ ಅಭಿಷೇಕ, ಮುದುಕಿಯೊಬ್ಬಳು ಗುಳ್ಳದ ಕಾಯಿಯ ಚಿಪ್ಪಿನಲ್ಲಿ ತಂದ ಹಾಲಿನಿಂದ ಪೂರ್ಣವಾಯಿತೆಂಬ ಐತಿಹ್ಯವು ಮಕ್ಕಳ ಚಿಕ್ಕ ನಿಯಮಕ್ಕೆ ದೊಡ್ಡ ಧೈರ್ಯವನ್ನು ಕೊಡುತ್ತದೆ. ಎರಡನೆಯ ದಿನ ಚಂದ್ರಗಿರಿಗೆ. ಬೆಳಗೊಳ ಮತ್ತು ಅದರ ಸುತ್ತಲಿನ ಐನೂರಕ್ಕೂ ಹೆಚ್ಚು ಶಾಸನಗಳಲ್ಲಿ ಅನೇಕವು ಈ ಬೆಟ್ಟದಲ್ಲಿವೆ. ದೊಡ್ಡ ಮಕ್ಕಳು ಹಳೆಯ ಕನ್ನಡ ಅಕ್ಷರಗಳಲ್ಲಿ ಹತ್ತನ್ನಾದರೂ ಗುರುತಿಸಿ ಪುಸ್ತಕದಲ್ಲಿ ಬರೆದುಕೊಳ್ಳಲಿ.

ಕರಾವಳಿಯ ಕಡೆಯವರಿಗೆ ೧೪೩೨ರ ಕಾರ್ಕಳದ ಬಾಹುಬಲಿ, ೧೬೦೪ರ ವೇಣೂರಿನ ಬಾಹುಬಲಿ, ಮೂಡಬಿದಿರೆಯ ಸಾವಿರ ಕಂಬದ ಬಸದಿ, ದೋಣಿಯಲ್ಲಿ ಹೋಗಿ ದರ್ಶನ ಮಾಡಬೇಕಾದ ವರಂಗದ ಕೆರೆಬಸದಿ ಇವೆ. ಉತ್ತರದವರು ಲಕ್ಕುಂಡಿಗೆ ಹೋದರೆ ದಾನಚಿಂತಾಮಣಿ ಅತ್ತಿಮಬ್ಬೆಯ ಬಸದಿಯನ್ನು ಕಾಣಬಹುದು. ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಆ ತಾಯಿಯ ಊರಿನಲ್ಲಿ ಶಾಸ್ತ್ರದಾನವೆಂದರೇನೆಂದು ಬೇರೆ ವಿವರಿಸಬೇಕಾಗಿಲ್ಲ.

ಹದಿಹರೆಯದವರಿಗೆ ಹೊಣೆ

ಹದಿನಾಲ್ಕು ಮೀರಿದವರನ್ನು ಚಿಕ್ಕ ಮಕ್ಕಳೊಡನೆ ಸೇರಿಸಿ ಕಥೆ ಕೇಳಿಸಿದರೆ ಅವರಿಗೆ ಬೇಸರವಾಗುತ್ತದೆ. ಅವರಿಗೆ ಬೇಕಾದುದು ಹೊಣೆ. ಶ್ರುತಪಂಚಮಿಯ ಪೂರ್ವಕಥೆಯೇ ಇದಕ್ಕೆ ದಾರಿ ತೋರಿಸುತ್ತದೆ. ಗಿರಿನಗರದ ಚಂದ್ರಗುಹೆಯಲ್ಲಿದ್ದ ವೃದ್ಧರಾದ ಧರಸೇನಾಚಾರ್ಯರು ತಮ್ಮೊಡನೆ ಆಗಮಜ್ಞಾನ ಅಳಿದುಹೋದೀತೆಂದು ಚಿಂತಿಸಿ ದಕ್ಷಿಣದ ಮುನಿಸಂಘಕ್ಕೆ ಪತ್ರ ಬರೆದರು. ಬಂದ ಇಬ್ಬರು ಯುವಮುನಿಗಳಿಗೆ ಒಂದೊಂದು ಮಂತ್ರವನ್ನು ಕೊಟ್ಟರು. ಒಂದರಲ್ಲಿ ಒಂದು ಅಕ್ಷರ ಹೆಚ್ಚು, ಇನ್ನೊಂದರಲ್ಲಿ ಒಂದು ಅಕ್ಷರ ಕಡಿಮೆ. ಸಾಧನೆಯ ಫಲವಾಗಿ ಕಾಣಿಸಿಕೊಂಡ ದೇವತೆಗಳಲ್ಲಿ ಒಬ್ಬಳಿಗೆ ಹೊರಚಾಚಿದ ಹಲ್ಲು, ಒಬ್ಬಳಿಗೆ ಒಂದೇ ಕಣ್ಣು. ದೇವತೆಗಳ ಸಹಜರೂಪ ಹೀಗಿರದೆಂದು ವಿಚಾರಿಸಿ ಆ ಮುನಿಗಳು ಮಂತ್ರವನ್ನು ತಾವೇ ಪರೀಕ್ಷಿಸಿ ತಿದ್ದಿಕೊಂಡರು. ಗುರುವು ಕೊಟ್ಟುದನ್ನೂ ವಿವೇಕದಿಂದ ನೋಡಿ ತಿದ್ದಬಲ್ಲವರೆಂದು ತಿಳಿದ ಮೇಲೆಯೇ ಆಚಾರ್ಯರು ಅವರಿಗೆ ಜ್ಞಾನವನ್ನು ಒಪ್ಪಿಸಿದರು. ಪುಷ್ಪದಂತ ಭೂತಬಲಿಗಳೆಂಬ ಆ ಇಬ್ಬರಿಂದ ‘ಷಟ್ಖಂಡಾಗಮ’ ಗ್ರಂಥಸ್ಥವಾಗಿ, ಜ್ಯೇಷ್ಠ ಶುಕ್ಲ ಪಂಚಮಿಯಂದು ಪೂಜೆಗೊಂಡಿತು. ಅದರ ಧವಲಾ ಟೀಕೆಯ ತಾಳೆಗರಿಗಳು ಶತಮಾನಗಳ ಕಾಲ ಮೂಡಬಿದಿರೆಯಲ್ಲಿ ಸುರಕ್ಷಿತವಾಗಿದ್ದು, ೧೯೩೯ರಿಂದ ಮುದ್ರಣಗೊಂಡು ಹದಿನಾರು ಸಂಪುಟಗಳಾಗಿ ಹೊರಬಂದವು.

ಪ್ರಶ್ನೆ ಕೇಳುವ ಹುಡುಗನನ್ನು ಅಶ್ರದ್ಧನೆಂದು ಗದರಿಸುವ ಮನೆಗಳು ಈ ಕಥೆಯನ್ನು ಮರೆತಿವೆ. ರಾತ್ರಿ ಏಕೆ ಉಣ್ಣಬಾರದು, ಕಂದಮೂಲವನ್ನು ಏಕೆ ಬಿಡಬೇಕು ಎಂದು ಅವನು ಕೇಳಿದರೆ ಉತ್ತರ ತಿಳಿದವರು ಹೇಳಲಿ. ತಿಳಿಯದವರು ಅವನೊಡನೆ ಕುಳಿತು ಗ್ರಂಥವನ್ನು ತೆರೆಯಲಿ. ಮನೆಯ ಅಥವಾ ಬಸದಿಯ ಹಳೆಯ ಪುಸ್ತಕಗಳನ್ನು ಹೊರತೆಗೆದು, ಧೂಳು ಒರೆಸಿ, ಹರಿದ ಹಾಳೆಗಳನ್ನು ಸರಿಪಡಿಸಿ, ಹೊಸ ವಸ್ತ್ರದಲ್ಲಿ ಕಟ್ಟಿ, ಪಟ್ಟಿಮಾಡುವ ಕೆಲಸವನ್ನು ದೊಡ್ಡ ಮಕ್ಕಳಿಗೆ ಪೂರ್ಣವಾಗಿ ಒಪ್ಪಿಸಬಹುದು. ಅಜ್ಜಿಯ ಬಾಯಲ್ಲಿರುವ ಹಾಡುಗಳನ್ನೂ ನೋಂಪಿಯ ಕಥೆಗಳನ್ನೂ ಬರೆದಿಟ್ಟುಕೊಳ್ಳುವುದು ಮತ್ತೊಂದು ಕೆಲಸ. ಧರಸೇನರ ಚಿಂತೆ ಪ್ರತಿಯೊಂದು ಮನೆಯ ಹಿರಿಯರಲ್ಲಿಯೂ ಇದೆ; ಪತ್ರ ಬರೆಯುವ ಶಕ್ತಿ ಮಾತ್ರ ಎಲ್ಲರಿಗೂ ಇಲ್ಲ. ಗೋಡೆಯ ಆಚೆಯ ಕೋಣೆಯಲ್ಲಿರುವ ಮೊಮ್ಮಗನೇ ಎದ್ದು ಅವರಲ್ಲಿಗೆ ಹೋಗಬೇಕು.

ನಿಯಮ ತಪ್ಪಿದಾಗ

ಇಷ್ಟೆಲ್ಲ ಯೋಚಿಸಿ ಹಿಡಿದ ನಿಯಮವೂ ಒಂದು ದಿನ ತಪ್ಪುತ್ತದೆ. ಮದುವೆಮನೆಯಲ್ಲಿ ಗೆಳೆಯರೊಡನೆ ರಾತ್ರಿ ಹತ್ತಕ್ಕೆ ಉಂಡುಬಂದ ಹುಡುಗ ಮನೆಯ ಬಾಗಿಲಲ್ಲಿ ನಿಂತಾಗ ತಂದೆತಾಯಿ ಏನು ಹೇಳುತ್ತಾರೆಂಬುದರ ಮೇಲೆ ಇಡೀ ಋತುವಿನ ಫಲ ನಿಂತಿದೆ. ಗದರಿಸಿದರೆ ಅವನು ಮುಂದಿನ ಬಾರಿ ಸುಳ್ಳು ಹೇಳುತ್ತಾನೆ. ಆಗ ಒಂದು ನಿಯಮದ ಜೊತೆಗೆ ಸತ್ಯಾಣುವ್ರತವೂ ಹೋಗುತ್ತದೆ. ಹೋಗಲಿ ಬಿಡು ಎಂದು ನಕ್ಕರೆ ನಿಯಮಕ್ಕೆ ಬೆಲೆಯಿಲ್ಲವೆಂದು ತಿಳಿಯುತ್ತಾನೆ. ಶಾಸ್ತ್ರವು ಇವೆರಡನ್ನೂ ಬಿಟ್ಟು ಮೂರನೆಯ ದಾರಿಯನ್ನು ತೋರಿಸಿದೆ. ವ್ರತಕ್ಕೆ ಮುಕ್ಕು ಬಂದರೆ ಅದು ಅತಿಚಾರ. ವ್ರತವನ್ನೇ ತೊರೆದರೆ ಅದು ಅನಾಚಾರ. ಅತಿಚಾರಕ್ಕೆ ಆಲೋಚನೆ ಉಂಟು, ಪ್ರತಿಕ್ರಮಣ ಉಂಟು, ಪ್ರಾಯಶ್ಚಿತ್ತ ಉಂಟು. ತಪ್ಪನ್ನು ಮುಚ್ಚದೆ ಹೇಳಿಕೊಳ್ಳುವುದೇ ಆಲೋಚನೆ. ಬಿಟ್ಟ ಜಾಗಕ್ಕೆ ಹಿಂದಿರುಗಿ ಬರುವುದೇ ಪ್ರತಿಕ್ರಮಣ. ಮಗನು ಹೇಳಿಕೊಂಡನೆಂದರೆ ಮೊದಲನೆಯದು ಆಯಿತು. ಮರುದಿನ ಬೆಳಿಗ್ಗೆ ಒಂಬತ್ತು ಬಾರಿ ಣಮೋಕಾರ ಮಂತ್ರವನ್ನು ಜಪಿಸಿ, ನಿಯಮವನ್ನು ಎಲ್ಲಿ ಬಿಟ್ಟನೋ ಅಲ್ಲಿಂದಲೇ ಮತ್ತೆ ಹಿಡಿಯಲಿ. ಆ ಬೆಳಗಿನಲ್ಲಿ ತಂದೆಯೂ ಅವನ ಪಕ್ಕದಲ್ಲಿ ಕುಳಿತರೆ ಅದಕ್ಕಿಂತ ಉತ್ತಮವಾದುದಿಲ್ಲ.

ಶ್ರುತಪಂಚಮಿಯಂದು ಗ್ರಂಥಪೂಜೆ ಮುಗಿದ ಬಳಿಕ ಮನೆಯ ಪ್ರತಿಯೊಬ್ಬರೂ ತಮ್ಮ ನಿಯಮವನ್ನು ದೇವರ ಮುಂದೆ ಸಮಾಪ್ತಿಗೊಳಿಸಲಿ. ಎಷ್ಟು ದಿನ ನಡೆಯಿತು, ಎಷ್ಟು ದಿನ ತಪ್ಪಿತು ಎಂಬುದನ್ನು ಅವರವರೇ ಹೇಳಲಿ. ಬಹುಮಾನವೂ ಬೇಡ, ಹೋಲಿಕೆಯೂ ಬೇಡ. ಅನಂತರ ಹಿರಿಯರು ಮಕ್ಕಳನ್ನು ಒಂದೇ ಒಂದು ಮಾತನ್ನು ಕೇಳಬಹುದು: ಇದರಲ್ಲಿ ಮುಂದಿನ ಋತುವಿಗೂ ಇಟ್ಟುಕೊಳ್ಳಬೇಕೆನಿಸುವುದು ಏನಾದರೂ ಇದೆಯೇ? ಇದೆಯೆಂದರೆ ಸಂತೋಷ, ಇಲ್ಲವೆಂದರೂ ಒತ್ತಾಯವಿಲ್ಲ. ಋತುವಿನ ನಿಯಮ ಅಯನಕ್ಕೂ, ಅಯನದ ನಿಯಮ ವರ್ಷಕ್ಕೂ ಬೆಳೆದು, ಎಂದೋ ಒಂದು ದಿನ ಯಾರೂ ನೋಡದ ಪರಊರಿನಲ್ಲಿ ಅದು ಯಮವಾಗಿ ನಿಲ್ಲುವುದುಂಟು. ಅದಕ್ಕೆ ಬೇಕಾದ ಬೀಜವನ್ನು ಬಿತ್ತುವುದಷ್ಟೇ ತಂದೆತಾಯಿಗಳ ಪಾಲಿನ ಕೆಲಸ. ಶ್ರಾವಕ ಶ್ರಾವಿಕೆಯರು ಈ ಬೇಸಗೆಯಲ್ಲಿ ಆ ಕೆಲಸಕ್ಕೆ ಮನಸ್ಸುಮಾಡಲಿ. ಸರ್ವರಿಗೂ ಸದ್ಧರ್ಮವೃದ್ಧಿಯಾಗಲಿ.